ಥಾರ್ನಕ್ ಸಾಹೇಬರ ಅಪ್ಪಣೆ

ನಾರ್ಮಂಡ್ ಗೋದೆತ್‌ಗೆ ಐವತ್ತೆರಡು ತುಂಬಿದ್ದರೂ ‘ಇಲ್ಲ’ ಎನ್ನುವ ಎರಡಕ್ಷರ ಅವನ ನಾಲಗೆಗೆ ಇನ್ನೂ ಒಗ್ಗಿರಲಿಲ್ಲ. ವೂಸ್ಟರ್ ಪಟ್ಟಣದ ಕನ್ನಡಕದ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಬಂದವರ ಮೂಗಿಗೆ ಫ್ರೇಮು ಕೂರಿಸುತ್ತಿದ್ದ. ‘ಇದು ನನಗೆ ಒಪ್ಪುತ್ತಾ?’ ಎಂದು ಯಾರೇ ಕೇಳಲಿ, ಒಪ್ಪುತ್ತೆ ಅನ್ನುತ್ತಿದ್ದ. ಹೀಗಾಗಿ ಆ ಪಟ್ಟಣದ ಅರ್ಧ ಜನ ತಮ್ಮ ಮುಖಕ್ಕೆ ಸಂಬಂಧವೇ ಇಲ್ಲದ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು. ಬಾಗಿಲಿಗೆ ಬಂದ ಮಾರಾಟಗಾರರನ್ನು ಬರಿಗೈಯಲ್ಲಿ ಕಳಿಸುವ ಧೈರ್ಯವಿಲ್ಲದೆ ಅವನ ಪುಟ್ಟ ಮನೆಯಲ್ಲಿ ಮೂರು ವ್ಯಾಕ್ಯೂಮ್ ಕ್ಲೀನರುಗಳೂ ಹೆಂಗಸರಿಗೆ ಮಾತ್ರ ಮೀಸಲಾದ ವ್ಯಾಯಾಮಶಾಲೆಯೊಂದರ ಆಜೀವ ಸದಸ್ಯತ್ವದ ಚೀಟಿಯೂ ಸೇರಿಕೊಂಡಿದ್ದವು.

ಇಂಥ ಮನುಷ್ಯ ಮನೆ ಕೊಂಡು ಬಾಡಿಗೆಗೆ ಬಿಡಲು ಹೊರಟನೆಂದರೆ ಅದಕ್ಕೆ ಕಾರಣ ಅವನ ಅಕ್ಕ ಕ್ಲಾಡೆಟ್. ಗಂಡ ಆರ್ಮನ್ ತೀರಿಕೊಂಡು ವರ್ಷವಾಗಿತ್ತು.

“ಆ ಮನುಷ್ಯ ಮೂವತ್ತು ವರ್ಷ ತಂತಿ ಕಾರ್ಖಾನೇಲಿ ಕಿವಿ ಕಿವುಡಾಗೋವರೆಗೆ ದುಡಿದು ಬಿಟ್ಟುಹೋದ ದುಡ್ಡು ಕಣೋ ಇದು. ಬ್ಯಾಂಕಲ್ಲಿ ಸುಮ್ನೆ ಕೊಳೀತಾ ಬಿದ್ದಿದೆ. ನಂದೂ ಹಾಕ್ತೀನಿ, ನಿಂದೂ ಹಾಕು, ಒಂದು ಮೂರಂತಸ್ತಿನ ಮನೆ ತಗೊಳ್ಳೋಣ. ಏನಂತೀಯ?”

ಏನನ್ನುತ್ತಾನೆ? ಹೂಂ ಅಂದ.

ಆದರೆ ಹೂಂ ಅಂದ ಕ್ಷಣದಿಂದಲೇ ಯೋಚನೆ ಹತ್ತಿಕೊಂಡಿತು. ಬಾಡಿಗೆಯವರು ಬಂದು ಏನಾದರೂ ಕೇಳಿದರೆ? ಕೇಳಿದ್ದಕ್ಕೆಲ್ಲ ಹೂಂ ಅಂದು ಅಕ್ಕನ ದುಡ್ಡು ನೀರಲ್ಲಿ ಹೋಮ ಮಾಡಿದಂತಾದರೆ? ಹೆದ್ದಾರಿ ಪಕ್ಕದ ಹೋಟೆಲೊಂದರ ಸಭಾಂಗಣದಲ್ಲಿ ‘ಹೊಸದಾಗಿ ಮನೆ ಕೊಳ್ಳುವವರಿಗೆ ಎರಡು ದಿನದ ಪಾಠ’ ನಡೆಯುತ್ತದೆಂದು ಗೊತ್ತಾದಾಗ ಅವನು ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಹಿಂದೆ ಕುಳಿತ.

ಪಾಠ ಹೇಳುವವನ ಹೆಸರು ಗ್ಯಾರಿ ಸ್ಟೋಲ್ಟ್ಸ್. ಹಲ್ಲು ಎಷ್ಟು ಬೆಳ್ಳಗಿದ್ದವೆಂದರೆ ಮೊದಲ ಸಾಲಿನವರು ಕಣ್ಣು ಕಿರಿದು ಮಾಡಿಕೊಂಡೇ ಕೂತಿದ್ದರು. ಅವನ ಬತ್ತಳಿಕೆಯಲ್ಲಿ ಹನ್ನೊಂದು ಸೂತ್ರಗಳಿದ್ದವು. ಮನೆ ಬೆಚ್ಚಗಿಡುವ ಬಾಯ್ಲರ್ ನೋಡದೆ ಮನೆ ಕೊಳ್ಳಬೇಡಿ ಎಂಬುದು ಮೂರನೆಯದು. ಮನೆಯನ್ನು ನಿಮ್ಮ ಹೆಸರಿಗಲ್ಲ, ಒಂದು ಕಂಪನಿಯ ಹೆಸರಿಗೆ ಮಾಡಿ ಎಂಬುದು ಐದನೆಯದು. ಎಲ್ಲಕ್ಕಿಂತ ಮಿಗಿಲಾದದ್ದು ಏಳನೆಯದು.

“ನೋಡ್ರಪ್ಪಾ,” ಎಂದು ಸ್ಟೋಲ್ಟ್ಸ್ ದನಿ ತಗ್ಗಿಸಿದ. “ಬಾಡಿಗೆಯವರ ಎದುರಿಗೆ ಯಾವತ್ತೂ ‘ನಾನೇ ಮಾಲೀಕ’ ಅಂತ ಬಾಯಿ ಬಿಡಬೇಡಿ. ಬಿಟ್ರೋ, ಕೆಟ್ರಿ! ‘ನಾನು ಬರೀ ಮ್ಯಾನೇಜರ್ರು, ಮಾಲೀಕರನ್ನ ಕೇಳಿ ಹೇಳ್ತೀನಿ’ ಅನ್ನಿ. ಬೈಗುಳ ಎಲ್ಲಾ ಅವನ ಪಾಲಿಗೆ, ಕಾಫಿ ತಿಂಡಿ ಎಲ್ಲಾ ನಿಮ್ಮ ಪಾಲಿಗೆ!”

ನಾರ್ಮಂಡ್‌ನ ಕಣ್ಣು ತುಂಬಿ ಬಂದವು. ಐವತ್ತೆರಡು ವರ್ಷ ಹುಡುಕುತ್ತಿದ್ದ ಔಷಧಿ ಸಿಕ್ಕಿಬಿಟ್ಟಿತ್ತು. ತಾನು ಇಲ್ಲ ಅನ್ನಬೇಕಾಗಿಲ್ಲ, ಬೇರೊಬ್ಬ ಅನ್ನುತ್ತಾನೆ! ಒಂಬತ್ತನೆಯ ಸೂತ್ರವನ್ನೂ ಗೆರೆ ಎಳೆದು ಬರೆದುಕೊಂಡ: ಏನೇ ಕೇಳಲಿ, ಮೊದಲ ಸಲ ಬೇಡ, ಎರಡನೇ ಸಲ ಬೇಡ, ಮೂರನೇ ಸಲ ನೋಡೋಣ.

ಆ ಶರತ್ಕಾಲದಲ್ಲೇ ಮನೆ ಕೊಂಡದ್ದಾಯಿತು. ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ, ಹಿಂಬದಿಗೆ ಒಂದರ ಮೇಲೊಂದು ಮೂರು ಮರದ ಬಾಲ್ಕನಿ. ಕಂಪನಿಯ ಕಾಗದದಲ್ಲಿ ‘ಮ್ಯಾನೇಜರ್’ ಎಂದಿದ್ದ ಕಡೆ ನಾರ್ಮಂಡ್ ತನ್ನ ಹೆಸರು ಬರೆದ. ಮಾಲೀಕರ ಹೆಸರು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಇದೂ ಒಳ್ಳೇದೇ ಆಯಿತು ಎಂದು ಸಮಾಧಾನಪಟ್ಟ. ಈ ಕಾಗದ ಮುಂದೆ ಅವನ ಕುತ್ತಿಗೆಗೇ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಮೊದಲ ದಿನ ನೆಲಮಾಳಿಗೆಯಲ್ಲಿ ಬಾಯ್ಲರಿನ ಮುಂದೆ ನಿಂತು ಮೂರನೆಯ ಸೂತ್ರ ಪಾಲಿಸುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ನೀನೇನಪ್ಪಾ ಹೊಸ ಮಾಲೀಕ?”

ಕೆಳಗಿನ ಮನೆಯ ಆಲ್ಡೋನಾ ಅಜ್ಜಿ. ಎಂಬತ್ತಮೂರು ವರ್ಷ. ಲಿಥುವೇನಿಯಾದಿಂದ ಬಂದು ಶೂ ಕಾರ್ಖಾನೆಯಲ್ಲಿ ಹೊಲಿಗೆ ಹಾಕಿದವರು, ಈ ಮನೆಯಲ್ಲಿ ನಲವತ್ತೊಂದು ವರ್ಷ ಕಳೆದವರು.

ನಾರ್ಮಂಡ್ ಗಕ್ಕನೆ ತಿರುಗಿದ. “ಅಯ್ಯೋ, ಇಲ್ಲ ಇಲ್ಲ!” ಎಂದ. ಜೀವಮಾನದ ಮೊದಲ ‘ಇಲ್ಲ’, ಅದೂ ಎರಡು ಸಲ. “ನಾನು ಬರೀ ಮ್ಯಾನೇಜರ್ರು.”

“ಹಂಗಾದ್ರೆ ಮಾಲೀಕ ಯಾರು?”

ಸೂತ್ರದಲ್ಲಿ ಇದಿರಲಿಲ್ಲ. ನಾರ್ಮಂಡ್‌ನ ಕಣ್ಣು ಅತ್ತಿತ್ತ ಹುಡುಕಿ ಬಾಯ್ಲರಿನ ಕಬ್ಬಿಣದ ಬಾಗಿಲ ಮೇಲೆ ನಿಂತಿತು. ಅಲ್ಲಿ ಎರಕ ಹೊಯ್ದ ಅಕ್ಷರಗಳಲ್ಲಿ ತಯಾರಕರ ಹೆಸರಿತ್ತು.

“ಥಾ... ಥಾರ್ನಕ್. ಮಿಸ್ಟರ್ ಥಾರ್ನಕ್.”

ಅಜ್ಜಿ ಒಂದು ಗಳಿಗೆ ಅವನನ್ನೇ ನೋಡಿದರು. “ಹೌದಾ? ಹೆಂಗೆ ಮನುಷ್ಯ? ಕೋಪಿಷ್ಠನಾ?”

“ಬೆಂಕಿ ಅಂದ್ರೆ ಬೆಂಕಿ.”

“ಇರಬೇಕು, ಇರಬೇಕು,” ಎಂದು ಅಜ್ಜಿ ಮೆಟ್ಟಿಲು ಹತ್ತಿ ಹೋದರು.

ಹೀಗೆ ಥಾರ್ನಕ್ ಸಾಹೇಬರು ಹುಟ್ಟಿದರು. ಹುಟ್ಟಿದ ಒಂದೇ ವಾರಕ್ಕೆ ಗಡ್ಡ ಮೀಸೆ ಬಂತು. ಅದಕ್ಕೆ ಕಾರಣ ಎರಡನೆಯ ಅಂತಸ್ತಿನ ಫ್ರಾನ್ಸಿಸ್ ಟಲ್ಲಿ. ನಗರಸಭೆಯ ಹಿಮ ತಳ್ಳುವ ಲಾರಿಯ ಡ್ರೈವರು, ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣದಷ್ಟು ಭಾರಿ ಆಳು. ಒಂದು ನಾಯಿ ಸಾಕಲಾ ಎಂದು ಕೇಳಿದ.

“ಥಾರ್ನಕ್ ಸಾಹೇಬರಿಗೆ ನಾಯಿ ಅಂದ್ರೆ ಆಗಲ್ಲ,” ಎಂದ ನಾರ್ಮಂಡ್.

“ಯಾಕಂತೆ?”

“ಚಿಕ್ಕಂದಿನಲ್ಲಿ... ಒಂದು ನಾಯಿ ಅವರ ಬೆರಳಿಗೆ ಬಾಯಿ ಹಾಕಿತ್ತಂತೆ.”

“ಅಯ್ಯೋ ಪಾಪ! ಬೆರಳು ಹೋಯ್ತಾ?”

“ಬೆರಳಿದೆ,” ಎಂದು ನಾರ್ಮಂಡ್ ತಡವರಿಸಿದ. “ಆ ನಾಯೀನ ಮಾತ್ರ ಆಮೇಲೆ ಯಾರೂ ನೋಡಿಲ್ಲ.”

ಬಿರುಗಾಳಿಯಲ್ಲಿ ಹಿಮದ ಗುಡ್ಡಗಳನ್ನು ತಳ್ಳಿ ಬರುತ್ತಿದ್ದ ಟಲ್ಲಿ ಗುಟುಕ್ಕೆಂದು ಉಗುಳು ನುಂಗಿದ. “ಬಿಡು ಮಾರಾಯ, ನಾಯಿ ಬೇಡ. ನಾನು ಕೇಳ್ದೆ ಅಂತಾನೂ ಹೇಳ್ಬೇಡ.”

ನಾರ್ಮಂಡ್‌ಗೆ ಇದರಲ್ಲಿ ರುಚಿ ಹತ್ತಿತು ಎಂದರೆ ಸುಳ್ಳಾಗದು. ಆದರೆ ಆ ರುಚಿ ಹದಿನೈದು ದಿನವೂ ಬಾಳಲಿಲ್ಲ. ಒಂದು ದಿನ ಅಂಗಡಿಯಲ್ಲಿ ಕನ್ನಡಕದ ಸ್ಕ್ರೂ ಬಿಗಿಮಾಡುವಾಗ ಹೆಬ್ಬೆರಳಿಗೆ ಗಾಯವಾಗಿ ಪಟ್ಟಿ ಸುತ್ತಿಕೊಂಡು ಬಂದಿದ್ದ. ಮೂರನೆಯ ಅಂತಸ್ತಿನ ಅಬೆನಾ ಅದನ್ನು ನೋಡಿಬಿಟ್ಟಳು. ಘಾನಾದವಳು, ಆಸ್ಪತ್ರೆಯಲ್ಲಿ ನರ್ಸು. ಗಾಯ ಕಂಡರೆ ಬಿಡುವವಳಲ್ಲ.

“ಬ್ರದರ್ ನಾರ್ಮಂಡ್, ಏನಿದು? ಅವನು ಮಾಡಿದ್ದಾ?”

“ಯಾರು? ಇಲ್ಲ ಇಲ್ಲ, ಸ್ಕ್ರೂಡ್ರೈವರ್!”

“ದೇವರೇ! ಸ್ಕ್ರೂಡ್ರೈವರಲ್ಲಿ ಚುಚ್ಚಿದ್ನಾ!”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೂರು ಅಂತಸ್ತೂ ಇಳಿದು ಬೀದಿ ಸೇರಿತು. ಎದುರು ಮನೆಯವರು ನಾರ್ಮಂಡ್ ಬಂದರೆ ಟೋಪಿ ತೆಗೆಯುತ್ತಿದ್ದರು. ಅಜ್ಜಿ ಆಲೂಗಡ್ಡೆಯ ಕಡುಬು ಬೇಯಿಸಿ ಕೊಟ್ಟರು. ಅಬೆನಾ ಖಾರದ ಅನ್ನದ ಡಬ್ಬಿ ಕಟ್ಟಿಕೊಟ್ಟಳು. ಟಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು, “ಒಂದು ಮಾತು ಹೇಳು ಸಾಕು, ಆ ಬಡ್ಡೀಮಗನ ಮನೆ ಮುಂದೆ ಹನ್ನೆರಡಡಿ ಹಿಮ ತಂದು ಸುರೀತೀನಿ. ಮೇ ತಿಂಗಳವರೆಗೂ ಈಚೆ ಬರಬಾರದು,” ಎಂದು ಭರವಸೆ ಕೊಟ್ಟ. ನಾರ್ಮಂಡ್ ತಿಂದ, ತೇಗಿದ, ಒಳಗೊಳಗೇ ಬೆವರಿದ. ನಿಜ ಗೊತ್ತಾದ ದಿನ ಈ ಹನ್ನೆರಡಡಿ ಹಿಮ ಯಾರ ಬಾಗಿಲಿಗೆ ಬೀಳುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಜನವರಿಯಲ್ಲಿ ಅಬೆನಾಳ ಚರ್ಚಿನ ಇಪ್ಪತ್ತು ಮಂದಿ ಶನಿವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಥಾರ್ನಕ್‌ನ ಕಲ್ಲೆದೆ ಕರಗಲೆಂದು ಪ್ರಾರ್ಥನೆಗೆ ನಿಂತರು. ನಾರ್ಮಂಡ್ ಆಗ ನೆಲಮಾಳಿಗೆಯಲ್ಲಿದ್ದ. ಮೇಲಿನಿಂದ “ಥಾರ್ನಕ್, ಈ ಮನೇನ ಬಿಡು!” ಎಂಬ ಕೂಗು ಮೂರು ಅಂತಸ್ತು ನಡುಗಿಸಿಕೊಂಡು ಇಳಿದು ಬಂತು. ಅದೇ ಗಳಿಗೆಗೆ ಅವನ ಬೆನ್ನ ಹಿಂದೆ ಬಾಯ್ಲರು ಢಣ್ ಎಂದಿತು. ನಾರ್ಮಂಡ್ ಇದ್ದಲ್ಲೇ ಕುಕ್ಕರಿಸಿದ. ಕೊಳವೆಯಲ್ಲಿ ಗಾಳಿ ಸೇರಿದರೆ ಬಾಯ್ಲರು ಸದ್ದು ಮಾಡುತ್ತದೆಂದು ಸ್ಟೋಲ್ಟ್ಸ್ ಹೇಳಿಕೊಟ್ಟಿದ್ದ. ಆದರೆ ಪ್ರತಿ ‘ಬಿಡು’ವಿಗೂ ಸರಿಯಾಗಿ ಒಂದೊಂದು ಢಣ್ ಯಾಕೆ ಅನ್ನಬೇಕು ಎಂದು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಅವನು ಆ ಮನೆಯಲ್ಲಿ ಜೋರಾಗಿ ಮಾತಾಡುವುದನ್ನೇ ಬಿಟ್ಟ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಸುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಸ್ವಂತ ದುಡ್ಡಿನ ಮನೆಯಲ್ಲಿ ಮನುಷ್ಯ ಹೀಗೆ ಕಳ್ಳನ ಹಾಗೆ ತುದಿಗಾಲಲ್ಲಿ ಓಡಾಡಿದ್ದು ಬಹುಶಃ ಆ ಪಟ್ಟಣದಲ್ಲಿ ಅದೇ ಮೊದಲು.

ಇಷ್ಟಾದರೂ ತೊಂದರೆ ನಗೆಪಾಟಲಿನಲ್ಲೇ ಮುಗಿಯುತ್ತಿತ್ತು, ಆ ರೇಲಿಂಗ್ ಒಂದು ಇಲ್ಲದಿದ್ದರೆ.

ಫೆಬ್ರವರಿಯಲ್ಲಿ ಅಬೆನಾ ಹೇಳಿದಳು: “ಬ್ರದರ್, ನಮ್ಮ ಹಿಂದಿನ ಬಾಲ್ಕನಿ ರೇಲಿಂಗು ಅಲ್ಲಾಡ್ತಾ ಇದೆ. ಮರ ಕೊಳೆತುಹೋಗಿದೆ.” ನಾರ್ಮಂಡ್ ಹೋಗಿ ಮುಟ್ಟಿ ನೋಡಿದ. ಬೆರಳು ಮರದೊಳಗೆ ಹೋಯಿತು. ಕೆಳಗೆ ನೋಡಿದರೆ ತಲೆ ಸುತ್ತಿತು. ಅವನ ಪಾಡಿಗೆ ಬಿಟ್ಟಿದ್ದರೆ ಅಂದೇ ಬಡಗಿಗೆ ಫೋನು ಮಾಡುತ್ತಿದ್ದ. ಆದರೆ ಒಂಬತ್ತನೆಯ ಸೂತ್ರ ಇತ್ತಲ್ಲ! ಎರಡು ದಿನ ಬಿಟ್ಟು, “ಮಾಲೀಕರು ಸದ್ಯಕ್ಕೆ ಬೇಡ ಅಂದ್ರು,” ಎಂದ. ಅಬೆನಾ ಮತ್ತೆ ಕೇಳಿದಳು. ಮತ್ತೆ ಬೇಡ ಅಂದ. ಅಷ್ಟರಲ್ಲಿ ಭಯ ತಡೆಯಲಾರದೆ ಗುಟ್ಟಾಗಿ ಬಡಗಿಯನ್ನು ಮಾತಾಡಿಸಿಯೂ ಇಟ್ಟಿದ್ದ. ಮೂರನೆಯ ಸಲ ಕೇಳಲಿ ಎಂದು ದೇವರಿಗೆ ಹರಕೆ ಹೊತ್ತ. ಅವಳು ಕೇಳಲಿಲ್ಲ. ಥಾರ್ನಕ್‌ನನ್ನು ಕೆಣಕಿ ಈ ಬಡಪಾಯಿ ಮ್ಯಾನೇಜರನ ಇನ್ನೊಂದು ಬೆರಳಿಗೆ ಕುತ್ತು ತರುವುದು ಬೇಡವೆಂದು ಅವಳು ಸುಮ್ಮನಾಗಿದ್ದಳು. ಕೇಳದೆ ಸರಿಮಾಡಿಸೋಣವೆಂದರೆ, ಎರಡು ಸಲ ಬೇಡ ಅಂದ ಥಾರ್ನಕ್ ಈಗ ಹೇಗೆ ಒಪ್ಪಿದ ಎಂಬ ಪ್ರಶ್ನೆ ಬರುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ಥಾರ್ನಕ್ ಸಾಹೇಬರು ಏನನ್ನುತ್ತಾರೋ ಎಂದು ನಾರ್ಮಂಡ್‌ಗೆ ನಿಜಕ್ಕೂ ಅಳುಕಿತ್ತು.

ಮಾರ್ಚ್ ಕೊನೆಗೆ ಹಿಮ ಕರಗಿತು. ಒಂದು ಭಾನುವಾರ ಬಿಸಿಲು ಬಂತೆಂದು ಆಲ್ಡೋನಾ ಅಜ್ಜಿ ಹಿತ್ತಲಲ್ಲಿ ತಮ್ಮ ಬೆಂಚಿನ ಮೇಲೆ ಕೂತಿದ್ದರು. ಒಲೆಯ ಮೇಲಿಟ್ಟ ಆಲೂಗಡ್ಡೆ ನೆನಪಾಗಿ ಒಳಗೆ ಹೋದರು. ಅವರು ಬಾಗಿಲು ದಾಟಿದ್ದೇ ತಡ, ಮೂರನೆಯ ಅಂತಸ್ತಿನ ರೇಲಿಂಗ್ ಅಷ್ಟುದ್ದ ಕಿತ್ತುಕೊಂಡು ಬಂದು ಬೆಂಚಿನ ಮೇಲೆ ಬಿತ್ತು. ಬೆಂಚು ಎರಡು ತುಂಡಾಯಿತು.

ಗಟಾರದ ಎಲೆ ತೆಗೆಯಲು ಬಂದಿದ್ದ ನಾರ್ಮಂಡ್ ಸದ್ದು ಕೇಳಿ ಓಡಿಬಂದ. ಬೆಂಚಿನ ಮೇಲಿದ್ದ ಅಜ್ಜಿಯ ಉಣ್ಣೆಯ ಕೈಗವಸು ಮುರಿದ ರೇಲಿಂಗಿನಡಿ ಸಿಕ್ಕಿತ್ತು. ಗವಸಿನೊಳಗೆ ಕೈಯಿಲ್ಲ ಎಂದು ಖಾತ್ರಿಯಾಗುವವರೆಗೆ ಒಂದೊಂದೇ ತುಂಡನ್ನು ಎತ್ತಿ ನೋಡಿದ. ಅಷ್ಟರಲ್ಲಿ ಎಲ್ಲರೂ ಕೆಳಗಿಳಿದು ಬಂದರು.

“ಕೊಲೆಗಾರ!” ಎಂದು ಟಲ್ಲಿ ಗುಡುಗಿದ. “ಕೊಲೆಗಾರ ಆ ಥಾರ್ನಕ್ಕು!”

“ತಪ್ಪು ನಂದು,” ಎಂದ ನಾರ್ಮಂಡ್. “ನಂದೇ ತಪ್ಪು. ನಾನು...”

“ನಿಂದೇನು ತಪ್ಪು ಬ್ರದರ್?” ಎಂದು ಅಬೆನಾ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. “ಎರಡೆರಡು ಸಲ ಆ ರಾಕ್ಷಸನ ಕಾಲು ಹಿಡಿದೆಯಲ್ಲಪ್ಪಾ!”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸಮಾಧಾನ ಅವನಿಂದ ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ಮುರಿದ ಬೆಂಚನ್ನೂ ನಾರ್ಮಂಡ್‌ನ ಮುಖವನ್ನೂ ನೋಡುತ್ತ ನಿಂತಿದ್ದರು.

ಸೋಮವಾರ ಬೆಳಿಗ್ಗೆ ಟಲ್ಲಿ ನಗರಸಭೆಗೆ ದೂರು ಕೊಟ್ಟ. ಮಧ್ಯಾಹ್ನವೇ ತಪಾಸಣೆಯ ಮಚಾದೊ ಮೇಡಂ ಬಂದರು. ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಕಾಗದ, ಕಿವಿಯ ಮೇಲೆ ಪೆನ್ಸಿಲ್ಲು.

“ದಾಖಲೇಲಿ ಒಂದು ಕಂಪನಿ ಹೆಸರಿದೆ. ಕಂಪನಿ ಹಿಂದೆ ಯಾರಿದ್ದಾರೆ?”

“ಥಾರ್ನಕ್!” ಎಂದವು ಮೂರು ಅಂತಸ್ತುಗಳೂ ಒಟ್ಟಿಗೆ.

“ಎಲ್ಲಿರ್ತಾರೆ ಅವರು?” ಎಂದು ಮೇಡಂ ನಾರ್ಮಂಡ್‌ನತ್ತ ತಿರುಗಿದರು.

ನಾರ್ಮಂಡ್ ಬಾಯಿ ತೆರೆದ. ನಿಜ ಹೇಳಬೇಕೆಂದೇ ತೆರೆದ. ಟಲ್ಲಿಯ ಅಂಗೈ ಎದುರಿಗಿತ್ತು, ಮುಷ್ಟಿ ಕಟ್ಟಿ ಬಿಚ್ಚಿ ಮಾಡುತ್ತಿತ್ತು. “ಕೆಳಗಡೆ...” ಎಂದಷ್ಟೇ ಬಂತು.

“ಕೆಳಗಡೆ ಅಂದ್ರೆ ದಕ್ಷಿಣಕ್ಕೆ, ಫ್ಲೋರಿಡಾನಾ? ಗೊತ್ತಿತ್ತು!” ಎಂದು ಮೇಡಂ ಬರೆದುಕೊಂಡರು. “ಎಲ್ಲಾ ಅಲ್ಲೇ ಹೋಗಿ ಬಿಸಿಲು ಕಾಯಿಸ್ಕೊಂಡು ಕೂರ್ತಾರೆ. ಗುರುವಾರ ಹತ್ತು ಗಂಟೆಗೆ ಥಾರ್ನಕ್ ಕೋರ್ಟಲ್ಲಿ ಇರಬೇಕು. ಬರಲಿಲ್ಲ ಅಂದ್ರೆ ಕೋರ್ಟಿನವರು ಬೇರೆಯವರನ್ನ ನೇಮಿಸಿ ಈ ಮನೇನ ಅವರ ಕೈಗೆ ಕೊಟ್ಟುಬಿಡ್ತಾರೆ. ಆಮೇಲೆ ಮಾಲೀಕ ಮನೆ ಮರೆತುಬಿಡಬಹುದು. ತಿಳಿಸ್ರಿ ನಿಮ್ಮ ಸಾಹೇಬರಿಗೆ.”

ಮನೆ ಹೋದರೆ ಅಕ್ಕನ ಗತಿಯೇನು? ಆ ಅಕ್ಕ ಅಂದು ಸಂಜೆಯೇ ಫೋನು ಮಾಡಿದಳು. ಚರ್ಚಿನ ಊಟದ ಮನೆಯಲ್ಲಿ ಯಾರೋ ಹೆಂಗಸು ಅವಳ ಪಕ್ಕ ಕೂತು, “ನಿನ್ನ ತಮ್ಮ ಯಾವನೋ ಕಟುಕನ ಕೈಕೆಳಗೆ ಜೀತ ಮಾಡ್ತಿದಾನಂತಲ್ಲೇ!” ಎಂದು ಮರುಗಿದ್ದಳಂತೆ.

“ಯಾರೋ ಅವನು ಥಾರ್ನಕ್ಕು? ನಮ್ಮ ಮನೇನ ಅವನಿಗೆ ಮಾರಿಬಿಟ್ಯಾ? ಬಾಯಿ ಬಿಡೋ ಬೆಪ್ಪೇ!”

ನಾರ್ಮಂಡ್ ಎಲ್ಲವನ್ನೂ ಹೇಳಿದ.

“ಅಂದ್ರೆ,” ಎಂದಳು ಕ್ಲಾಡೆಟ್ ಕೊನೆಗೆ, “ನನ್ನ ಗಂಡನ ಮೂವತ್ತು ವರ್ಷದ ದುಡಿಮೆ ಈಗ ಒಂದು ಬಾಯ್ಲರ್ ಹೆಸರಲ್ಲಿ ಇದೆ?”

“ಬಾಯ್ಲರ್ ಹೆಸರಲ್ಲಿ ಇಲ್ಲ ಅಕ್ಕಾ, ಕಂಪನಿ ಹೆಸರಲ್ಲಿದೆ. ಬಾಯ್ಲರ್ ಬರೀ...”

“ಮುಚ್ಚು ಬಾಯಿ! ಗುರುವಾರ ಹೋಗಿ ‘ನಾನೇ ಮಾಲೀಕ’ ಅಂತ ಹೇಳು. ಹೇಳಲಿಲ್ಲ ಅಂದ್ರೆ ನಾನೇ ಬಂದು ನಿನ್ನ ಕಿವಿ ಹಿಡಿದು ಹೇಳಿಸ್ತೀನಿ.”

ಗುರುವಾರ ನಾರ್ಮಂಡ್ ಕೋರ್ಟಿಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ನಿಜ ಹೇಳಿದರೆ ಜೈಲು, ಹೇಳದಿದ್ದರೆ ಮನೆ ಹೋಯಿತು, ಎರಡರ ನಡುವೆ ಟಲ್ಲಿ. ಟಲ್ಲಿ ತನ್ನ ಮದುವೆಯ ಸೂಟು ಹಾಕಿಕೊಂಡು ಬಂದಿದ್ದ. ಹೊಲಿಗೆಗಳು ಅವನನ್ನು ಕಷ್ಟಪಟ್ಟು ಹಿಡಿದುಕೊಂಡಿದ್ದವು. ಅಬೆನಾಳ ಜೊತೆ ಚರ್ಚಿನ ಆರು ಮಂದಿ. ಆಲ್ಡೋನಾ ಅಜ್ಜಿ ಕೋಲೂರಿಕೊಂಡು ಮುಂದಿನ ಸಾಲಿನಲ್ಲಿ. ಹಿಂದೆ ಕ್ಲಾಡೆಟ್, ಮಡಿಲಲ್ಲಿ ಇಟ್ಟಿಗೆಯಷ್ಟು ಭಾರದ ಕೈಚೀಲ.

ನ್ಯಾಯಾಧೀಶೆ ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ನೋಡಿದರು. “ಥಾರ್ನಕ್ ಅನ್ನೋರು ಬಂದಿದ್ದಾರಾ?”

ಎಲ್ಲರೂ ಬಾಗಿಲ ಕಡೆ ತಿರುಗಿದರು. ನಾರ್ಮಂಡ್ ಕೂಡ ತಿರುಗಿದ. ಒಂದು ಕ್ಷಣ, ಬಂದರೂ ಬರಬಹುದು ಎಂದು ಅವನ ಮೈ ಜುಮ್ಮೆಂದಿತು. ಯಾರೂ ಬರಲಿಲ್ಲ.

“ಹಾಗಿದ್ದರೆ ಈ ಮನೇನ ಬೇರೆಯವರ ವಶಕ್ಕೆ...” ಎಂದು ನ್ಯಾಯಾಧೀಶೆ ಪೆನ್ನು ಎತ್ತಿಕೊಂಡರು.

ಹಿಂದಿನಿಂದ ಕೈಚೀಲದ ಗುಂಡಿ ಟಕ್ಕೆಂದಿತು. ನಾರ್ಮಂಡ್ ಎದ್ದುನಿಂತ. ಮೊಣಕಾಲು ಒಂದಕ್ಕೊಂದು ಬಡಿಯುತ್ತಿದ್ದವು. ಕಣ್ಣ ಮುಂದೆ ಎರಡು ತುಂಡಾದ ಆ ಬೆಂಚು ಬಂತು.

“ಅಮ್ಮಾವ್ರೇ, ನಾನೇ ಮಾಲೀಕ! ಥಾರ್ನಕ್ ಅಂತ ಯಾರೂ ಇಲ್ಲ. ನಾನೇ ಹುಟ್ಟಿಸಿದ್ದು. ರೇಲಿಂಗ್ ಬೇಡ ಅಂದಿದ್ದೂ ನಾನೇ.”

ಟಲ್ಲಿ ಎದ್ದ. ನಾರ್ಮಂಡ್ ಕಣ್ಣು ಮುಚ್ಚಿಕೊಂಡ.

“ಅಮ್ಮಾವ್ರೇ, ನಂಬಬೇಡಿ! ನೋಡಿ ಹೆಂಗೆ ನಡುಗ್ತಿದಾನೆ. ಹೆದರಿಸಿ ಹೇಳಿಸ್ತಿದಾನೆ ಆ ಥಾರ್ನಕ್ಕು! ತಪ್ಪೆಲ್ಲಾ ಈ ಬಡಪಾಯಿ ತಲೆಗೆ ಕಟ್ತಿದಾನೆ!”

“ಬೆರಳು ನೋಡಿ ಅಮ್ಮಾವ್ರೇ!” ಎಂದು ಅಬೆನಾ ಕೂಗಿದಳು. “ಅವನ ಹೆಬ್ಬೆರಳ ಮೇಲಿನ ಕಲೆ ನೋಡಿ!” ಆರು ಮಂದಿ ಒಟ್ಟಿಗೆ ‘ಆಮೆನ್’ ಅಂದರು.

“ಅಯ್ಯೋ, ನಾನೇ ಕಣ್ರೋ!” ನಾರ್ಮಂಡ್ ಕೈಮುಗಿದ. “ಬೇಕಾದ್ರೆ ಕಂಪನಿ ಕಾಗದ ನೋಡಿ!”

ಮಚಾದೊ ಮೇಡಂ ಕಾಗದ ಕೊಟ್ಟರು. ನ್ಯಾಯಾಧೀಶೆ ಓದಿದರು. ಕನ್ನಡಕ ಮೇಲೆ ತಳ್ಳಿ ಮತ್ತೆ ಓದಿದರು.

“ಇದರಲ್ಲಿ ‘ನಾರ್ಮಂಡ್ ಗೋದೆತ್, ಮ್ಯಾನೇಜರ್’ ಅಂತ ಇದೆ.”

“ಅಷ್ಟೇ ಅಮ್ಮಾವ್ರೇ! ಬರೀ ಮ್ಯಾನೇಜರ್ರು!” ಎಂದ ಟಲ್ಲಿ. ಸೂಟಿನ ಹೊಲಿಗೆಯೊಂದು ಚರ್ರೆಂದಿತು.

ಕ್ಲಾಡೆಟ್ ಎದ್ದು, “ಅವನೇ ಅರ್ಧ ಮಾಲೀಕ, ಇನ್ನರ್ಧ ನಾನು, ಅವನ ಅಕ್ಕ!” ಎಂದಳು. ಜನ ಅವಳನ್ನು ಕನಿಕರದಿಂದ ನೋಡಿದರು. “ಅಕ್ಕನ್ನೂ ಹೆದರಿಸಿದ್ದಾನೆ,” ಎಂದು ಅಬೆನಾ ಬಿಕ್ಕಿದಳು.

ಮೂರು ಅಂತಸ್ತಿನ ಮನೆ ಕೊಂಡವನು ಅದು ನನ್ನದೇ ಎಂದು ಅಂಗಲಾಚಿ ಅಳುತ್ತಿದ್ದ. ನಂಬುವವರು ಮಾತ್ರ ಒಬ್ಬರೂ ಇರಲಿಲ್ಲ. ನ್ಯಾಯಾಧೀಶೆಯ ಪೆನ್ನು ಮತ್ತೆ ಕಾಗದಕ್ಕೆ ಇಳಿಯುತ್ತಿತ್ತು.

ಆಗ ಕೋಲಿನ ಸದ್ದಾಯಿತು. ಆಲ್ಡೋನಾ ಅಜ್ಜಿ ಎದ್ದು ನಿಂತಿದ್ದರು.

“ಥಾರ್ನಕ್ ನಂಗೆ ಗೊತ್ತು,” ಎಂದರು. “ನಲವತ್ತೊಂದು ವರ್ಷದಿಂದ ಗೊತ್ತು. ನಮ್ಮ ಮನೆ ನೆಲಮಾಳಿಗೇಲಿ ಇದಾನೆ. ಕಪ್ಪಗೆ, ದುಂಡಗೆ, ಕಬ್ಬಿಣದವನು. ಹೊಟ್ಟೆ ಮೇಲೇನೇ ಹೆಸರು ಬರೆದಿದೆ. ಈ ಯಪ್ಪ ಮೊದಲನೇ ದಿನ ನನ್ನೆದುರಿಗೇ ಅದನ್ನ ಓದಿ ಹೇಳಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಇವನೇ ಮಾಲೀಕ. ಮಾಲೀಕ ಅಲ್ಲದೆ ಇದ್ರೆ ಯಾವ ಮ್ಯಾನೇಜರ್ರು ಭಾನುವಾರ ಬಂದು ಗಟಾರದ ಎಲೆ ತೆಗೀತಾನೆ?”

ಕೊನೆಯ ಮಾತಿಗೆ ಕೋರ್ಟೇ ತಲೆದೂಗಿತು. ಅಷ್ಟು ಗಟ್ಟಿ ಸಾಕ್ಷಿ ಆ ಕಟ್ಟಡದಲ್ಲಿ ವರ್ಷಗಳಿಂದ ಬಂದಿರಲಿಲ್ಲ.

“ಮೊದಲೇ ಗೊತ್ತಿದ್ದೂ ಯಾಕೆ ಹೇಳಲಿಲ್ಲ ತಾಯೀ?” ಎಂದು ನ್ಯಾಯಾಧೀಶೆ ಕೇಳಿದರು.

“ಪಾಪ,” ಎಂದರು ಅಜ್ಜಿ. “ಅಷ್ಟೊಂದು ಹೆದರಿಕೊಂಡಿರೋ ಮನುಷ್ಯ. ಹಿಂದೆ ನಿಂತ್ಕೊಳ್ಳೋಕೆ ಇದ್ದ ಒಂದು ಬಾಯ್ಲರನ್ನೂ ಕಿತ್ಕೊಂಡ್ರೆ ಎಲ್ಲಿಗೆ ಹೋಗ್ತಾನೆ ಅಂತ ಸುಮ್ಮನಿದ್ದೆ.” ನಾರ್ಮಂಡ್‌ನತ್ತ ತಿರುಗಿದರು. ದನಿ ಗಟ್ಟಿಯಾಯಿತು. “ಆ ಬೆಂಚು ಮುರಿದ ದಿನ ಮಾತ್ರ ಹೇಳಿಬಿಡಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಆದ್ರೆ ಅದು ನೀನು ಹೇಳಬೇಕಾಗಿದ್ದ ಮಾತು ಮಗಾ. ಇವತ್ತು ಹೇಳಿದೆ. ಸರಿಹೋಯ್ತು.”

ನಾರ್ಮಂಡ್ ತಲೆ ಎತ್ತಲಿಲ್ಲ. ಅವನ ಕಣ್ಣೀರು ಮೇಜಿನ ಮೇಲೆ ಬಿತ್ತು.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು, ಮನೆ ಅಕ್ಕ ತಮ್ಮಂದಿರ ಕೈಯಲ್ಲೇ ಇರಲಿ, ಆದರೆ ಮೂರು ಬಾಲ್ಕನಿಗಳೂ ಮೂವತ್ತು ದಿನದೊಳಗೆ ಹೊಸದಾಗಬೇಕು ಎಂದು ಅಪ್ಪಣೆ ಮಾಡಿದರು. “ಒಪ್ಪಿಗೆಯಾ?”

“ಮಾಲೀಕರನ್ನ ಕೇಳಿ...” ಎಂದುಬಿಟ್ಟ ನಾರ್ಮಂಡ್.

ಕ್ಲಾಡೆಟ್‌ಳ ಕೈಚೀಲ ಗಾಳಿಯಲ್ಲಿ ಎದ್ದಿತು. “ಒಪ್ಪಿಗೆ! ಒಪ್ಪಿಗೆ! ಜೊತೆಗೊಂದು ಹೊಸ ಬೆಂಚು!” ಎಂದು ನಾರ್ಮಂಡ್ ಕಿರುಚಿಕೊಂಡ.

ಹೊರಗೆ ಮೆಟ್ಟಿಲ ಮೇಲೆ ಟಲ್ಲಿ ದಾರಿಗೆ ಅಡ್ಡ ನಿಂತಿದ್ದ. ನಾರ್ಮಂಡ್ ಹನ್ನೆರಡಡಿ ಹಿಮವನ್ನು ನೆನೆದು ಕುತ್ತಿಗೆ ಒಳಗೆಳೆದುಕೊಂಡ.

“ಸುಳ್ಳು ಹೇಳಿ ನನ್ನ ಕೈಲಿ ಆರು ತಿಂಗಳು ಸಮಾಧಾನ ಹೇಳಿಸ್ಕೊಂಡೆ,” ಎಂದ ಟಲ್ಲಿ. “ಅಬೆನಾ ಅನ್ನ ತಿಂದೆ.”

“ಹೂಂ. ನಾಯಿ ಬೇಕಾದ್ರೆ ಸಾಕು. ಎರಡು ಸಾಕು.”

ಟಲ್ಲಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನಾಯಿ ಇರಲಿ. ಥಾರ್ನಕ್ಕು ಹೋದ ಅಂತ ಹೊರಗೆ ಎಲ್ಲೂ ಹೇಳಬೇಡ ಮಾರಾಯ. ನನ್ನ ಹೆಂಡ್ತಿ ತಮ್ಮ ಬೇಸಿಗೆ ಪೂರ್ತಿ ಬಂದು ಝಂಡಾ ಊರ್ತೀನಿ ಅಂತಿದ್ದ. ಥಾರ್ನಕ್ಕು ಕಾಲು ಮುರೀತಾನೆ ಅಂತ ಹೇಳಿ ತಡೆದಿದೀನಿ.”

“ನಾನೂ ಅಷ್ಟೇ ಬ್ರದರ್,” ಎಂದಳು ಅಬೆನಾ. ಅವಳ ಮುಖ ಇನ್ನೂ ಬಿಗಿದುಕೊಂಡೇ ಇತ್ತು. “ಹಾಡಿನ ಗುಂಪಿನವರು ನಮ್ಮನೇಲೇ ಅಭ್ಯಾಸ ಮಾಡ್ತೀವಿ ಅಂತ ಹಟ ಹಿಡಿದಿದ್ರು. ಥಾರ್ನಕ್ ಬಿಡಲ್ಲ ಅಂದಿದೀನಿ. ಇನ್ನೊಂದು ವರ್ಷ ಇಟ್ಕೋ ಅವನನ್ನ. ಆದ್ರೆ ನನ್ನ ಅನ್ನದ ಡಬ್ಬಿ ನಾಳೇನೇ ತೊಳೆದು ತಂದುಕೊಡು.”

ಬಾಲ್ಕನಿಗಳು ಇಪ್ಪತ್ತೆರಡು ದಿನದಲ್ಲಿ ಎದ್ದು ನಿಂತವು. ನಾರ್ಮಂಡ್ ಬಡಗಿಯ ಪಕ್ಕದಲ್ಲೇ ನಿಂತು ಪ್ರತಿ ಕಂಬವನ್ನೂ ತಾನೇ ಅಲ್ಲಾಡಿಸಿ ನೋಡಿದ. ಹಿತ್ತಲಿಗೆ ಹೊಸ ಬೆಂಚು ಬಂತು. ಅದನ್ನು ಗೋಡೆಯಿಂದ ಎಂಟಡಿ ದೂರಕ್ಕೆ ಇಡಿಸಿದ.

ಜೂನ್ ಮೊದಲ ವಾರ ಅಕ್ಕ ನೆನಪಿಸಿದಳು: ಹನ್ನೊಂದನೆಯ ಸೂತ್ರ, ವರ್ಷಕ್ಕೊಮ್ಮೆ ಬಾಡಿಗೆ ಏರಿಸಬೇಕು. ನಾರ್ಮಂಡ್ ಕನ್ನಡಿಯ ಮುಂದೆ ಮೂರು ದಿನ ಅಭ್ಯಾಸ ಮಾಡಿ, ಕಾಗದ ಬರೆದುಕೊಂಡು, ಆಲ್ಡೋನಾ ಅಜ್ಜಿಯ ಬಾಗಿಲು ತಟ್ಟಿದ.

“ಮಿಸೆಸ್ ಆಲ್ಡೋನಾ, ನಾನು ಈ ಮನೆ ಮಾಲೀಕ,” ಎಂದು ಗಟ್ಟಿಯಾಗಿಯೇ ಶುರುಮಾಡಿದ. “ಬಾಡಿಗೆ ಸ್ವಲ್ಪ... ಒಂಚೂರು... ಏರಿಸೋಣ ಅಂತ.”

ಅಜ್ಜಿ ಕಾಗದವನ್ನು ಪೂರ್ತಿ ಓದಿದರು. ಮಡಿಸಿದರು.

“ಒಂದು ನಿಮಿಷ ನಿಂತಿರು ಮಗಾ,” ಎಂದರು. “ನಾನು ಥಾರ್ನಕ್‌ನ ಕೇಳಿ ಹೇಳ್ತೀನಿ.”

ಕೋಲೂರಿಕೊಂಡು ನೆಲಮಾಳಿಗೆಗೆ ಇಳಿದರು. ನಾರ್ಮಂಡ್ ಬಾಗಿಲಲ್ಲೇ ನಿಂತ. ಕೆಳಗಿನಿಂದ ಏನೋ ಗುಸುಗುಸು ಕೇಳಿಸಿತು. ಬೇಸಿಗೆಗೆಂದು ತಿಂಗಳ ಹಿಂದೆಯೇ ಆರಿಸಿಟ್ಟಿದ್ದ ಬಾಯ್ಲರು ಒಮ್ಮೆ ಢಣ್ ಎಂದಿತು. ಅಜ್ಜಿಯ ಕೋಲು ತಗುಲಿರಬಹುದು, ತಗುಲದೆಯೂ ಇರಬಹುದು. ನಾರ್ಮಂಡ್ ಬೆವರು ಒರೆಸಿಕೊಂಡ.

ಅಜ್ಜಿ ಮೇಲೆ ಬಂದು ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟರು. “ಕೇಳ್ದೆ. ಸದ್ಯಕ್ಕೆ ಬೇಡ ಅಂದ್ರು.”

ನಾರ್ಮಂಡ್ ನೆಲಮಾಳಿಗೆಯ ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿದ. “ಕೋಪ ಮಾಡ್ಕೊಂಡ್ರಾ?”

“ಬೆಂಕಿ ಅಂದ್ರೆ ಬೆಂಕಿ.”

“ಹಾಗಾದ್ರೆ ಬೇಡ ಬಿಡಿ,” ಎಂದು ನಾರ್ಮಂಡ್ ಕಾಗದವನ್ನು ಜೇಬಿಗೆ ಹಾಕಿಕೊಂಡು ತುದಿಗಾಲಲ್ಲಿ ಹೊರಗಿನ ಮೆಟ್ಟಿಲಿಳಿದು ಹೋದ.